ವೆಜೆಫ್‌ಆರ್-2 ಬ್ಲಾಕ್ ಮಾಡ್ಬೇಕಾ? ಆಂಟಿಬಾಡಿ, ಟ್ರ್ಯಾಪ್, ಕೈನೇಸ್ ಇನ್ಹಿಬಿಟರ್, ಜೀನ್ ನಾಕೌಟ್: ಯಾವ್ದು ಯಾವಾಗ

ವೆಜೆಫ್ ಅಂದ್ರೆ ರಕ್ತನಾಳ ಬೆಳೆಯೋಕೆ ಹೇಳೋ ಪ್ರೋಟೀನ್, ವೆಜೆಫ್‌ಆರ್-2 (ಚಿಕ್ಕದಾಗಿ ಆರ್-2) ಅದನ್ನ ಹಿಡಿದು ಸೆಲ್ ಒಳಗೆ ಸುದ್ದಿ ಮುಟ್ಟಿಸೋ ರಿಸೆಪ್ಟರ್, ಇನ್ಹಿಬಿಟರ್ ಅಂದ್ರೆ ಅದನ್ನ ತಡೆಯೋ ಔಷಧ. ರಕ್ತನಾಳದ ಸಂಶೋಧನೆಗೆ ಹೊಸದಾಗಿ ಬಂದವರೆಲ್ಲ ಕೇಳೋ ಪ್ರಶ್ನೆ ಒಂದೇ, "ವೆಜೆಫ್‌ಆರ್-2ಗೆ ಬೆಸ್ಟ್ ಇನ್ಹಿಬಿಟರ್ ಯಾವ್ದು ಹೇಳಿ". ಅಂಥದ್ದೊಂದು ಇಲ್ಲ ಅಂದ್ರೆ ಮುಖ ಸಪ್ಪೆ ಮಾಡ್ಕೋತಾರೆ, ಅವರದ್ದೂ ತಪ್ಪಲ್ಲ ಬಿಡಿ, ಕ್ಯಾಟಲಾಗ್ ತೆಗೆದ್ರೆ ಇಪ್ಪತ್ತು ಮೂವತ್ತು ಹೆಸರು ಇರತ್ತೆ, ಪ್ರತಿಯೊಂದರ ಪಕ್ಕದಲ್ಲೂ "ಪೊಟೆಂಟ್, ಸೆಲೆಕ್ಟಿವ್" ಅಂತಾನೇ ಬರೆದಿರ್ತಾರೆ, ಪೊಟೆಂಟ್ ಅಲ್ಲ ಅಂತ ಯಾರಾದ್ರೂ ತಮ್ಮ ಸರಕಿನ ಮೇಲೆ ತಾವೇ ಬರ್ಕೋತಾರಾ? ನಾನು ಕೇಳೋ ಮರುಪ್ರಶ್ನೆ ಬೇರೆ. ದಾರಿಯನ್ನ ಎಲ್ಲಿ ಕಡೀಬೇಕು ನಿಮಗೆ? ಲೈಗ್ಯಾಂಡ್ (ರಿಸೆಪ್ಟರ್ ಮೇಲೆ ಬಂದು ಕೂರೋ ಅಣು) ಹತ್ರಾನಾ, ರಿಸೆಪ್ಟರ್ ಹೊರಭಾಗದಲ್ಲಾ, ಒಳಗಿನ ಕೈನೇಸಲ್ಲಾ (ಫಾಸ್ಫೇಟ್ ಅಂಟಿಸೋ ಕಿಣ್ವದ ಭಾಗ), ಇಲ್ಲಾ ರಿಸೆಪ್ಟರೇ ಇರಬಾರದಾ? ನಾಲ್ಕೂ ಬೇರೆ ಬೇರೆ ಉತ್ತರ ಕೊಡತ್ತೆ, ಒಂದರ ಬದಲು ಇನ್ನೊಂದು ಹಾಕಿದ್ರೆ ಆಯ್ತು ಅನ್ನೋ ಹಾಗಿಲ್ಲ.

(ಪೇಪರಲ್ಲಿ ವಿಇಜಿಎಫ್ ಅಂತ ಅಕ್ಷರ ಬಿಡಿಸಿ ಬರೀತಾರೆ, ಲ್ಯಾಬಲ್ಲಿ ಬಾಯಿಗೆ ಬರೋದು ವೆಜೆಫ್, ಇಲ್ಲೂ ಹಾಗೇ ಬರೀತೀನಿ.)

ರಿಸೆಪ್ಟರ್ ಬಗ್ಗೆ ಮೊದ್ಲು ಸ್ವಲ್ಪ

ವೆಜೆಫ್ ರಿಸೆಪ್ಟರ್‌ಗಳು ಮೂರು. ರಕ್ತನಾಳ ಹುಟ್ಟೋದು, ಕವಲೊಡೆಯೋದು, ಸೋರೋದು, ಇದರಲ್ಲಿ ಮುಖ್ಯ ಕೆಲಸ ಮಾಡೋದು ಎರಡನೇದು. ಮನುಷ್ಯರದ್ದಕ್ಕೆ ಕೆಡಿಆರ್ ಅಂತಾರೆ, ಇಲಿದಕ್ಕೆ ಎಫ್‌ಎಲ್‌ಕೆ-1, ಆಂಟಿಬಾಡಿ ಹುಡುಕುವಾಗ ಎರಡೂ ಹೆಸರು ಹಾಕಿ ಹುಡುಕಿ, ಇಲ್ಲಾಂದ್ರೆ ಅರ್ಧ ಸರಕು ಕಣ್ಣಿಗೇ ಬೀಳಲ್ಲ. ಒಂದನೇ ರಿಸೆಪ್ಟರ್, ಅಂದ್ರೆ ಎಫ್‌ಎಲ್‌ಟಿ-1, ಒಂಥರಾ ವಿಚಿತ್ರ ಗಿರಾಕಿ. ವೆಜೆಫ್-ಎ ಅನ್ನ ಎರಡನೇದಕ್ಕಿಂತ ಸುಮಾರು ಹತ್ತು ಪಟ್ಟು ಬಿಗಿಯಾಗಿ ಹಿಡ್ಕೊಳತ್ತೆ, ಆದ್ರೆ ಹಿಡ್ಕೊಂಡು ಒಳಗೆ ಸಿಗ್ನಲ್ ಕೊಡೋದು ತೀರಾ ಕಮ್ಮಿ. ತಾನೂ ತಿನ್ನಲ್ಲ, ಪಕ್ಕದವನಿಗೂ ಬಿಡಲ್ಲ. ಮೂರನೇದು ಹೆಚ್ಚಾಗಿ ದುಗ್ಧನಾಳಗಳ ಕಡೆ.

ಎರಡನೇದರ ಮಹತ್ವ ಗೊತ್ತಾಗಿದ್ದು 1995ರಲ್ಲಿ. ಇಲಿಯಲ್ಲಿ ಆ ಜೀನ್ ತೆಗೆದಾಗ ಭ್ರೂಣ ಎಂಟೂವರೆಯಿಂದ ಒಂಬತ್ತೂವರೆ ದಿನದೊಳಗೆ ಸತ್ತೋಯ್ತು, ರಕ್ತನಾಳವೇ ಇರ್ಲಿಲ್ಲ. ಅದೇ ವರ್ಷ ಎಫ್‌ಎಲ್‌ಟಿ-1 ತೆಗೆದ ಇಲಿಭ್ರೂಣವೂ ಸತ್ತಿತು, ಆದ್ರೆ ಅಲ್ಲಿ ಕಂಡಿದ್ದು ಉಲ್ಟಾ, ನಾಳದ ಒಳಗೋಡೆಯ ಎಂಡೋಥೀಲಿಯಲ್ ಸೆಲ್‌ಗಳು ಮಿತಿಮೀರಿ ಹುಟ್ಟಿ ನಾಳಗಳೆಲ್ಲ ಅಡ್ಡಾದಿಡ್ಡಿ. ಇದನ್ನ ತಲೇಲಿ ಇಟ್ಕೊಳ್ಳಿ. ಮೂರೂ ರಿಸೆಪ್ಟರ್‌ಗೆ ಹೊಡೆಯೋ ಔಷಧ ಹಾಕಿ "ಇದು ಆರ್-2 ಎಫೆಕ್ಟ್" ಅಂತ ಬರೆಯೋರು ಎಫ್‌ಎಲ್‌ಟಿ-1 ಅನ್ನ ಮರ್ತೇ ಬಿಟ್ಟಿರ್ತಾರೆ.

ರಚನೆ ಅಂದ್ರೆ, 1356 ಅಮೈನೋ ಆಸಿಡ್. ಸೆಲ್ ಹೊರಗೆ ಏಳು ಕುಣಿಕೆ ಥರ ಇಮ್ಯುನೋಗ್ಲಾಬ್ಯುಲಿನ್ ಡೊಮೇನ್, ಅದರಲ್ಲಿ ಎರಡನೇದು ಮೂರನೇದರ ಮೇಲೆ ವೆಜೆಫ್ ಕೂರತ್ತೆ. ಪೊರೆ ಒಂದೇ ಸಲ ದಾಟಿ ಒಳಗೆ ಕೈನೇಸ್. ವೆಜೆಫ್ ಜೋಡಿಯಾಗಿರೋ ಅಣು, ಅದು ಎರಡು ರಿಸೆಪ್ಟರ್‌ನ ಹತ್ರ ಎಳೆದು ಕೂರಿಸತ್ತೆ, ಅವು ಒಂದರ ಮೇಲೊಂದು ಫಾಸ್ಫೇಟ್ ಹಾಕ್ಕೋತವೆ. 1175ನೇ ಜಾಗದ ಟೈರೋಸಿನ್ ಅನ್ನೋ ಅಮೈನೋ ಆಸಿಡ್ ಮೇಲೆ ಫಾಸ್ಫೇಟ್ ಬಿದ್ರೆ ಪಿಎಲ್‌ಸಿ-ಗಾಮಾ ಅನ್ನೋ ಕಿಣ್ವದ ಮೂಲಕ ಇಆರ್‌ಕೆ ಅನ್ನೋ ಕೈನೇಸ್ ತನಕ ಸುದ್ದಿ ಹೋಗಿ ಸೆಲ್ ಬೆಳೆಯತ್ತೆ, 951ರ ಕೆಲಸ ಬೇರೆ, ಅದು ಸೋರಿಕೆ ಮತ್ತೆ ಚಲನೆ ಕಡೆ. ಬ್ಲಾಟ್‌ನಲ್ಲಿ (ಪ್ರೋಟೀನ್‌ಗಳನ್ನ ಗಾತ್ರದ ಪ್ರಕಾರ ಬಿಡಿಸಿ ಆಂಟಿಬಾಡಿಯಿಂದ ಬ್ಯಾಂಡ್ ಆಗಿ ತೋರಿಸೋ ಪರೀಕ್ಷೆ) ನಾವು ದಿನಾ ನೋಡೋದು 1175 ಅನ್ನೇ.

ಹೊರಗೇ ಹಿಡಿದು ಹಾಕೋದು

ಮೊದಲನೇ ದಾರಿ ಲೈಗ್ಯಾಂಡ್ ಅನ್ನ ರಿಸೆಪ್ಟರ್ ಹತ್ರ ಬರೋಕೇ ಬಿಡದೇ ಇರೋದು. ಬೆವಾಸಿಜುಮ್ಯಾಬ್ ಎಲ್ಲರಿಗೂ ಗೊತ್ತಿರೋ ಹೆಸರು, 2004ರಲ್ಲಿ ಹರಡಿದ ಕರುಳಿನ ಕ್ಯಾನ್ಸರ್‌ಗೆ ಅಮೆರಿಕದ ಎಫ್‌ಡಿಎ ಒಪ್ಪಿಗೆ ಕೊಡ್ತು. ಇದು ಹಿಡಿಯೋದು ವೆಜೆಫ್-ಎ ಒಂದನ್ನೇ. ಅಫ್ಲಿಬರ್ಸೆಪ್ಟ್ ಆಂಟಿಬಾಡಿ ಅಲ್ಲ, ಒಂದನೇ ರಿಸೆಪ್ಟರ್‌ನ ಎರಡನೇ ಡೊಮೇನು, ಎರಡನೇ ರಿಸೆಪ್ಟರ್‌ನ ಮೂರನೇ ಡೊಮೇನು, ಇವೆರಡನ್ನ ಐಜಿಜಿ ಆಂಟಿಬಾಡಿಯ ಬಾಲಕ್ಕೆ ಅಂಟಿಸಿ ಮಾಡಿರೋ ಬಲೆ. ವೆಜೆಫ್-ಎ ಜೊತೆಗೆ ವೆಜೆಫ್-ಬಿ, ಅದರ ನೆಂಟ ಪಿಎಲ್‌ಜಿಎಫ್ ಕೂಡ ಸಿಕ್ಕಿಹಾಕ್ಕೊಳತ್ತೆ. ಹಿಡಿತ ಅಂದ್ರೆ ಹಿಡಿತ, ವೆಜೆಫ್-ಎ165 (ವೆಜೆಫ್-ಎಯ 165 ಅಮೈನೋ ಆಸಿಡ್ ಉದ್ದದ ರೂಪ) ಮೇಲೆ ಅರ್ಧ ಪಿಕೋಮೋಲಾರ್ ಆಸುಪಾಸು, ಅದೇ ಅಳತೆಯಲ್ಲಿ ಬೆವಾಸಿಜುಮ್ಯಾಬ್ 58, ಸಂಖ್ಯೆ ಸಣ್ಣದಾದಷ್ಟೂ ಹಿಡಿತ ಬಿಗಿ. ಕಣ್ಣಿನ ಚುಚ್ಚುಮದ್ದಾಗಿ 2011ರಲ್ಲಿ ಬಂತು, ಕರುಳಿನ ಕ್ಯಾನ್ಸರ್‌ಗೆ 2012ರಲ್ಲಿ.

ತಮಾಷೆ ಅಂದ್ರೆ ಇಂಥ ಬಲೆಯನ್ನ ದೇಹ ಮೊದ್ಲೇ ಮಾಡಿಟ್ಟಿದೆ. ಎಫ್‌ಎಲ್‌ಟಿ-1ರ ಕರಗೋ ರೂಪ ರಕ್ತದಲ್ಲಿ ಓಡಾಡ್ಕೊಂಡು ವೆಜೆಫ್ ಹಿಡಿಯತ್ತೆ, ಪ್ರೀಎಕ್ಲಾಂಪ್ಸಿಯಾ ಅನ್ನೋ ಬಸುರಿನ ಕಾಯಿಲೆಯಲ್ಲಿ ಅದು ತುಂಬಾ ಜಾಸ್ತಿ ಆಗಿ ತಾಯಿಗೆ ಬಿಪಿ ಏರತ್ತೆ, ಮೂತ್ರದಲ್ಲಿ ಪ್ರೋಟೀನ್ ಹೋಗತ್ತೆ. ಬೆವಾಸಿಜುಮ್ಯಾಬ್ ತಗೊಂಡವರಲ್ಲೂ ಇವೆರಡು ಅಡ್ಡಪರಿಣಾಮ ಕಾಣತ್ತೆ, ಪ್ರೋಟೀನ್ ಹೋಗೋದು ಕಿಡ್ನಿಯ ಸೋಸೋ ಗಂಟುಗಳಿಗೆ ವೆಜೆಫ್ ದಿನನಿತ್ಯ ಬೇಕಾಗಿರೋದ್ರಿಂದ.

ಈ ದಾರಿಯ ಲಾಭ ಏನಂದ್ರೆ ಸೆಲ್ ಒಳಗೆ ಏನೂ ಹೋಗಲ್ಲ, ಬೇರೆ ಕೈನೇಸ್‌ಗಳ ತಂಟೆಗೆ ಹೋಗಲ್ಲ. ತೊಂದರೆ ಮೂರು. ವೆಜೆಫ್-ಸಿ, ವೆಜೆಫ್-ಡಿ ಕತ್ತರಿಸ್ಕೊಂಡು ಪಕ್ವ ಆದ ಮೇಲೆ ಆರ್-2 ಮೇಲೆ ಕೂರಬಲ್ಲವು, ಇವೆರಡನ್ನ ಬೆವಾಸಿಜುಮ್ಯಾಬ್ ಆಗ್ಲಿ ಅಫ್ಲಿಬರ್ಸೆಪ್ಟ್ ಆಗ್ಲಿ ಮುಟ್ಟಲ್ಲ. ಎರಡನೇದು, ಎಂಡೋಥೀಲಿಯಲ್ ಸೆಲ್ ತಾನೇ ಒಳಗೆ ಮಾಡ್ಕೊಂಡು ಒಳಗೇ ಬಳಸೋ ವೆಜೆಫ್ ಇದ್ಯಲ್ಲ, ಹೊರಗೆ ನಿಂತ ಆಂಟಿಬಾಡಿ ಕೈಗೆ ಅದು ಸಿಗಲ್ಲ. ಮೂರನೇದು ಹರಿವು. ರಕ್ತ ಹರಿಯುವಾಗ ಆಗೋ ಉಜ್ಜಾಟಕ್ಕೇ ಆರ್-2 ಲೈಗ್ಯಾಂಡ್ ಇಲ್ಲದೇನೂ ಆನ್ ಆಗತ್ತೆ, ಪಿಇಕ್ಯಾಮ್-1 ಮತ್ತೆ ವಿಇ-ಕ್ಯಾಡ್‌ಹೆರಿನ್ ಅನ್ನೋ, ಸೆಲ್‌ಗಳನ್ನ ಒಂದಕ್ಕೊಂದು ಅಂಟಿಸೋ ಪ್ರೋಟೀನ್‌ಗಳ ಜೊತೆ ಸೇರ್ಕೊಂಡು. ಫ್ಲೋ ಚೇಂಬರ್ ಪ್ರಯೋಗದಲ್ಲಿ ವೆಜೆಫ್ ಬಲೆ ಹಾಕಿ "ಏನೂ ಬದಲಾಗ್ಲಿಲ್ಲ, ಆದ್ದರಿಂದ ಆರ್-2ಗೆ ಇದರಲ್ಲಿ ಪಾತ್ರ ಇಲ್ಲ" ಅಂತ ಬರೆದ್ರೆ ತಪ್ಪು ಅಲ್ಲೇ ಆಗೋದು.

ಈಗ ನನ್ನ ಕಥೆ. ಶುರುವಿನ ದಿನಗಳಲ್ಲಿ ಬಿ16 ಮೆಲನೋಮಾ ಇರೋ ಇಲಿಗಳಿಗೆ ಬೆವಾಸಿಜುಮ್ಯಾಬ್ ಕೊಟ್ಟೆ. ಬಿ16 ಇಲಿಯದೇ ಗಡ್ಡೆ, ಇಲಿಯದೇ ದೇಹ, ವೆಜೆಫ್ ಕೂಡ ಪೂರ್ತಿ ಇಲಿದೇ. ಮೂರು ವಾರ ಅಳೆದೆ, ಕ್ಯಾಲಿಪರ್ ಹಿಡಿದು, ದಿನ ಬಿಟ್ಟು ದಿನ, ಗಡ್ಡೆ ಪಾಡಿಗೆ ಗಡ್ಡೆ ಬೆಳೀತಾನೇ ಇತ್ತು, ಕಂಟ್ರೋಲ್‌ಗೂ ಇದಕ್ಕೂ ಕೂದಲೆಳೆ ವ್ಯತ್ಯಾಸ ಇಲ್ಲ, ನಾನು ಡೋಸ್ ಸಾಲ್ತಿಲ್ಲ ಅಂತ ಡಬಲ್ ಮಾಡಿದೆ. ಕೊನೆಗೆ ಸೀನಿಯರ್ ಒಬ್ಬರು ಬಂದು ವಯಲ್ ತಿರುಗಿಸಿ ನೋಡಿ "ಇದು ಇಲಿ ವೆಜೆಫ್‌ಗೆ ಅಂಟಲ್ಲ ಕಣೋ" ಅಂದ್ರು. ಮನುಷ್ಯರ ವೆಜೆಫ್‌ನಲ್ಲಿ 88ನೇ ಜಾಗದಲ್ಲಿ ಗ್ಲೈಸಿನ್ ಇರತ್ತೆ, ಇಲಿಯಲ್ಲಿ ಆ ಜಾಗದಲ್ಲಿ ಸೆರೀನ್, ಅಷ್ಟಕ್ಕೇ ಹಿಡಿತ ತಪ್ಪೋಗತ್ತೆ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ ಹಾಗಾಯ್ತು. ಮನುಷ್ಯರ ಗಡ್ಡೆಯನ್ನ ಇಲಿಯಲ್ಲಿ ಬೆಳೆಸಿದ್ರೂ ಅರ್ಧ ಸಮಸ್ಯೆ ಉಳಿಯತ್ತೆ, ಗಡ್ಡೆ ಸೆಲ್ ಬಿಡೋ ವೆಜೆಫ್ ಹಿಡೀಬಹುದು, ಸುತ್ತಲಿನ ಇಲಿ ಅಂಗಾಂಶದ್ದು ಹಾಗೇ ಓಡಾಡ್ಕೊಂಡಿರತ್ತೆ. ಎರಡೂ ಜಾತಿಯದ್ದು ಹಿಡಿಯೋಕೆ ಬಿ20 ಮತ್ತೆ ಜಿ6-31 ಅನ್ನೋ ಆಂಟಿಬಾಡಿಗಳಿವೆ, ಅಫ್ಲಿಬರ್ಸೆಪ್ಟ್ ಕೂಡ ಇಲಿ ವೆಜೆಫ್ ಹಿಡಿಯತ್ತೆ.

ರಿಸೆಪ್ಟರ್ ಬಾಗಿಲಿಗೇ ಬೀಗ

ರಾಮುಸಿರುಮ್ಯಾಬ್. ಆರ್-2ರ ಮೂರನೇ ಡೊಮೇನ್ ಮೇಲೆ ಕೂತ್ಕೊಂಡು ಎ, ಸಿ, ಡಿ ಮೂರನ್ನೂ ಬಾಗಿಲಲ್ಲೇ ತಡೆಯತ್ತೆ. 2014ರಲ್ಲಿ ಹೊಟ್ಟೆ ಕ್ಯಾನ್ಸರ್‌ಗೆ ಬಂತು, ಆಮೇಲೆ ಶ್ವಾಸಕೋಶ, ಕರುಳು, 2019ರಲ್ಲಿ ಯಕೃತ್ತು, ಯಕೃತ್ತಿನಲ್ಲಿ ಮಾತ್ರ ಒಂದು ಷರತ್ತು, ರಕ್ತದಲ್ಲಿ ಎಎಫ್‌ಪಿ ಅನ್ನೋ ಗಡ್ಡೆ ಸೂಚಕ ಪ್ರೋಟೀನ್ ಮಿಲಿಗೆ 400 ನ್ಯಾನೋಗ್ರಾಂ ಅಥವಾ ಮೇಲೆ ಇರಬೇಕು. "ಆರ್-2 ಮಾತ್ರ" ಅಂತ ಎದೆ ತಟ್ಟಿ ಹೇಳಬೇಕು ಅಂದ್ರೆ ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ಶುದ್ಧವಾದ ಉಪಕರಣ, ಒಂದನೇ ಮೂರನೇ ರಿಸೆಪ್ಟರ್ ಮುಟ್ಟಲ್ಲ, ಕೈನೇಸ್‌ಗಳ ಗಲಾಟೆ ಇಲ್ಲ.

ಆದ್ರೆ ಇದೂ ಇಲಿಯಲ್ಲಿ ಕೆಲಸ ಮಾಡಲ್ಲ! ಇಲಿಗೆ ಡಿಸಿ101 ತಗೊಳ್ಳಿ, ಅದು ಇಲಿಯ (ಇಲ್ಲಿ ಬರೀ ಇಲಿ ಅಂದ್ರೆ ಚಿಕ್ಕ ಮೌಸ್, ದೊಡ್ಡ ಜಾತಿಯದ್ದು ರ‍್ಯಾಟ್) ಆರ್-2 ವಿರುದ್ಧ ರ‍್ಯಾಟ್‌ನಲ್ಲಿ ಮಾಡಿರೋ ಆಂಟಿಬಾಡಿ, ಕಂಟ್ರೋಲ್‌ಗೆ ರ‍್ಯಾಟ್ ಐಜಿಜಿ1 ಕೊಡಿ, ಸಲೈನ್ ಕೊಟ್ಟು ಕೈ ತೊಳ್ಕೋಬೇಡಿ. ಒಂದು ಇಲಿಗೆ ಸಲಕ್ಕೆ 800 ಮೈಕ್ರೋಗ್ರಾಂ ಅನ್ನೋದು ಪೇಪರ್‌ಗಳಲ್ಲಿ ಪದೇ ಪದೇ ಕಾಣೋ ಡೋಸ್, ವಾರಕ್ಕೆ ಎರಡು ಮೂರು ಸಲ, ಹತ್ತು ಇಲಿ ಒಂದು ತಿಂಗಳು ಅಂತ ಲೆಕ್ಕ ಹಾಕಿದ್ರೆ ಎಷ್ಟು ಆಂಟಿಬಾಡಿ ಬೇಕು ಅಂತ ಮೊದ್ಲೇ ನೋಡ್ಕೊಳ್ಳಿ, ಅರ್ಧಕ್ಕೆ ಖಾಲಿಯಾದ್ರೆ ಅಷ್ಟೂ ಇಲಿ ದಂಡ. ಮತ್ತೆ ಹರಿವಿನಿಂದ ಆನ್ ಆಗೋ ಸಿಗ್ನಲ್, ಒಳಗಿನ ವೆಜೆಫ್, ಇವೆರಡಕ್ಕೆ ಹೊರಗಿನ ಬೀಗ ಸಾಲಲ್ಲ, ಆ ಮಿತಿ ಇಲ್ಲೂ ಹಾಗೇ ಇದೆ.

ಕೈನೇಸ್ ಇನ್ಹಿಬಿಟರ್‌ಗಳು, ಅಂದ್ರೆ ಸಂತೆ

ಇಲ್ಲಿಗೆ ಬಂದ್ರೆ ತಲೆ ತಿರುಗತ್ತೆ. ಹೆಸರಿನ ಪಕ್ಕದಲ್ಲಿರೋದು ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕ ವರ್ಷ. ಸೊರಾಫೆನಿಬ್ 2005, ಸುನಿಟಿನಿಬ್ 2006, ಪಾಜೋಪನಿಬ್ 2009, ಆಕ್ಸಿಟಿನಿಬ್ 2012, ಲೆನ್ವಾಟಿನಿಬ್ 2015, ಟಿವೋಜನಿಬ್ 2021, ಫ್ರುಕ್ವಿಂಟಿನಿಬ್ ಚೀನಾದಲ್ಲಿ 2018 ಅಮೆರಿಕದಲ್ಲಿ 2023, ಇನ್ನೂ ಇದೆ. ಎಲ್ಲವೂ ಸಣ್ಣ ಅಣುಗಳು, ಸೆಲ್ ಒಳಗೆ ನುಗ್ಗಿ ಎಟಿಪಿ ಕೂರೋ ಜಾಗದ ಹತ್ರ ಅಡ್ಡ ಕೂರ್ತವೆ. ಇಲಿ, ಮನುಷ್ಯ, ಜೀಬ್ರಾಫಿಶ್ ಅಂತ ಭೇದ ಹೆಚ್ಚು ಮಾಡಲ್ಲ, ಇದು ದೊಡ್ಡ ಅನುಕೂಲ. ನಿಮಿಷಗಳಲ್ಲಿ ಕೆಲಸ ಶುರು, ತೊಳೆದ್ರೆ ಹೆಚ್ಚಿನವು ಬಿಟ್ಟು ಹೋಗತ್ತೆ.

ಬೆಲೆ ತೆರೋದು ಸೆಲೆಕ್ಟಿವಿಟಿಯಲ್ಲಿ. ಸುನಿಟಿನಿಬ್ ವೆಜೆಫ್ ರಿಸೆಪ್ಟರ್‌ಗಳ ಜೊತೆ ಪಿಡಿಜಿಎಫ್‌ಆರ್, ಕಿಟ್, ಎಫ್‌ಎಲ್‌ಟಿ-3 ಅನ್ನೋ ಬೇರೆ ಕೈನೇಸ್ ರಿಸೆಪ್ಟರ್‌ಗಳಿಗೂ ಹೊಡೆಯತ್ತೆ. ರೋಗಿಗಳಲ್ಲಿ ಕೂದಲು ಬಿಳಿ ಆಗತ್ತೆ, ಕಿಟ್ ನಿಂತು ಬಣ್ಣದ ಸೆಲ್‌ಗಳ ಕೆಲಸ ಕೆಡೋದ್ರಿಂದ. ಕಿಡ್ನಿ ಕ್ಯಾನ್ಸರ್‌ನಲ್ಲಿ ಹೀಗೆ ಹತ್ತು ಕಡೆ ಹೊಡೆಯೋದು ಉಪಯೋಗಕ್ಕೂ ಬರಬಹುದು, ಪಿಡಿಜಿಎಫ್‌ಆರ್ ನಿಂತ್ರೆ ನಾಳಕ್ಕೆ ಆಸರೆಯಾಗಿರೋ ಪೆರಿಸೈಟ್‌ಗಳೂ ಸಡಿಲ ಆಗತ್ತೆ. ಆದ್ರೆ ತಟ್ಟೆಯಲ್ಲಿ "1175 ಕೆಳಗಿನ ಒಂದು ಸಣ್ಣ ಹೆಜ್ಜೆ ನೋಡ್ಬೇಕು" ಅಂತಿರುವಾಗ ಸುನಿಟಿನಿಬ್ ಹಾಕೋದು ಗುಬ್ಬಿ ಮೇಲೆ ಬ್ರಹ್ಮಾಸ್ತ್ರ. ಇನ್ನೊಂದು ವಿಷ್ಯ ತುಂಬಾ ಜನಕ್ಕೆ ಗೊತ್ತಿಲ್ಲ, ಸುನಿಟಿನಿಬ್ ತಾನೇ ಹಸಿರಾಗಿ ಹೊಳೆಯತ್ತೆ, ಲೈಸೋಸೋಮ್‌ಗಳಲ್ಲಿ (ಸೆಲ್ ಒಳಗಿನ ಕಸದ ಚೀಲಗಳು) ಗುಂಪಾಗಿ ಕೂತ್ಕೊಳತ್ತೆ, ಹಸಿರು ಹೊಳೆಯೋ ಜಿಎಫ್‌ಪಿ ಪ್ರೋಟೀನ್ ಇರೋ ಸೆಲ್‌ಗೆ ಹಾಕಿ ಮೈಕ್ರೋಸ್ಕೋಪ್ ಕೆಳಗಿಟ್ರೆ ಯಾವ ಹಸಿರು ಯಾವುದ್ರದ್ದು ಅಂತ ಗೊತ್ತಾಗಲ್ಲ.

ಸೊರಾಫೆನಿಬ್ ಇನ್ನೂ ಮೋಸ. ಅದನ್ನ ಮೊದ್ಲು ಹುಡುಕಿದ್ದೇ ರ‍್ಯಾಫ್ ಕೈನೇಸ್‌ಗೆ. ರ‍್ಯಾಫ್ ಕೂತಿರೋದು ಆರ್-2ಗೂ ಇಆರ್‌ಕೆಗೂ ಮಧ್ಯೆ. ಹಾಗಾಗಿ ಸೊರಾಫೆನಿಬ್ ಹಾಕಿದಾಗ ಇಆರ್‌ಕೆ ಬ್ಯಾಂಡ್ ಮಾಯ ಆದ್ರೆ ರಿಸೆಪ್ಟರ್ ನಿಂತಿದ್ದಕ್ಕಾ, ರ‍್ಯಾಫ್ ನಿಂತಿದ್ದಕ್ಕಾ, ಆ ಬ್ಯಾಂಡ್ ಒಂದನ್ನೇ ನೋಡಿ ಯಾರೂ ಹೇಳೋಕಾಗಲ್ಲ. ಈ ಕೆಲಸಕ್ಕೆ ದಯವಿಟ್ಟು ಬೇಡ.

ನನ್ನ ಆಯ್ಕೆ ಆಕ್ಸಿಟಿನಿಬ್. ಮೂರೂ ವೆಜೆಫ್ ರಿಸೆಪ್ಟರ್ ಮೇಲೆ 0.1ರಿಂದ 0.3 ನ್ಯಾನೋಮೋಲಾರ್ ಮಟ್ಟದಲ್ಲಿ ಕೆಲಸ ಮಾಡತ್ತೆ, ಪಿಡಿಜಿಎಫ್‌ಆರ್-ಬೀಟಾ ಮತ್ತೆ ಕಿಟ್‌ಗೆ 1.6, 1.7 ಬೇಕು. ಅಂದ್ರೆ ಕಿಟಕಿ ಇದೆ, ಆದ್ರೆ ಅಗಲವಾದ ಕಿಟಕಿ ಏನಲ್ಲ, ಹತ್ತು ಪಟ್ಟಿನ ಆಸುಪಾಸು ಅಷ್ಟೇ. ಸೆಲೆಕ್ಟಿವ್ ಅಂತ ಲೇಬಲ್ ಓದ್ಬಿಟ್ಟು ಒಂದು ಮೈಕ್ರೋಮೋಲಾರ್ ಸುರಿಯೋರನ್ನ ನೋಡಿದೀನಿ, ಅಲ್ಲಿಗೆ ಸೆಲೆಕ್ಟಿವಿಟಿ ಕಥೆ ಮುಗೀತು. ಹಾಗಂತ ಕಣ್ಣು ಮುಚ್ಚಿ 0.2 ಹಾಕಿದ್ರೂ ಆಗಲ್ಲ, ಯಾಕಂದ್ರೆ ಇದು ರಕ್ತದ ಪ್ರೋಟೀನ್‌ಗೆ ನೂರಕ್ಕೆ 99ಕ್ಕೂ ಹೆಚ್ಚು ಅಂಟ್ಕೊಳತ್ತೆ, ಮೀಡಿಯಂನಲ್ಲಿ ಸೀರಂ ಎಷ್ಟಿದೆ ಅನ್ನೋದ್ರ ಮೇಲೆ ಕೈಗೆ ಸಿಗೋ ಔಷಧ ಬದಲಾಗತ್ತೆ. ಸೀರಂ ಇಲ್ಲದ ಮೀಡಿಯಂನಲ್ಲಿ ಸರಿ ಮಾಡ್ಕೊಂಡ ಡೋಸನ್ನ ನೂರಕ್ಕೆ 10 ಸೀರಂ ಇರೋ ಟ್ಯೂಬ್ ಅಸ್ಸೇಗೆ (ಸೆಲ್‌ಗಳು ನಾಳದ ಥರ ಕೊಳವೆ ಕಟ್ಟೋದನ್ನ ನೋಡೋ ಪರೀಕ್ಷೆ) ಹಾಗೇ ಎತ್ಕೊಂಡು ಹೋದ್ರೆ ಫಲಿತಾಂಶ ಕೈ ಕೊಡತ್ತೆ, ಮತ್ತೆ ಡೋಸ್ ಸೆಟ್ ಮಾಡಿ.

ಹಳೇ ಎಸ್‌ಯು5416 ಈಗ್ಲೂ ಬಳಕೆಯಲ್ಲಿದೆ, ಮುಖ್ಯವಾಗಿ ರ‍್ಯಾಟ್‌ಗಳಿಗೆ ಅದನ್ನ ಕೊಟ್ಟು ಆಮ್ಲಜನಕ ಕಮ್ಮಿ ಇರೋ ಕಡೆ ಇಟ್ಟು ಶ್ವಾಸಕೋಶದ ರಕ್ತದೊತ್ತಡದ ಮಾಡೆಲ್ ಮಾಡೋಕೆ. ಆ ಮಾಡೆಲ್ ಬೇಕಿದ್ರೆ ಅದೇ, ಬೇರೆ ಹಾಕಿ ಜಾಣತನ ತೋರಿಸ್ಬೇಡಿ.

ಜೀನ್‌ಗೇ ಕೈ ಹಾಕೋದು

ಎಸ್‌ಐಆರ್‌ಎನ್‌ಎ (ಜೀನ್‌ನ ಸಂದೇಶವನ್ನ ಕಡಿಯೋ ಸಣ್ಣ ಆರ್‌ಎನ್‌ಎ) ಹಾಕಿದ್ರೆ ಎರಡು ಮೂರು ದಿನದಲ್ಲಿ ರಿಸೆಪ್ಟರ್ ಇಳಿಯತ್ತೆ, ಎರಡು ಬೇರೆ ಬೇರೆ ಸೀಕ್ವೆನ್ಸ್ ಬಳಸಿ ಅಷ್ಟೇ. ಇಲಿಯಲ್ಲಾದ್ರೆ ಪೂರ್ತಿ ನಾಕೌಟ್ ಉಳಿಯಲ್ಲ ಅಂತ ಮೇಲೇ ಹೇಳಿದೀನಿ, ಅದಕ್ಕೆ ಟಮಾಕ್ಸಿಫೆನ್ ಕೊಟ್ಟಾಗ ಎಂಡೋಥೀಲಿಯಂನಲ್ಲಿ ಮಾತ್ರ ಜೀನ್ ಕಟ್ ಆಗೋ ಕ್ರೀ ಇಲಿ (ಕ್ರೀ ಅಂದ್ರೆ ಡಿಎನ್‌ಎ ಕತ್ತರಿಸೋ ಕಿಣ್ವ) ಬೇಕು. ಬ್ರೀಡಿಂಗ್ ಮುಗಿಯೋಕೇ ತಿಂಗಳುಗಟ್ಟಲೆ, ತಾಳ್ಮೆ ಇದ್ರೆ ಮಾತ್ರ.

ಇಲ್ಲಿ ಗಮನಿಸ್ಬೇಕಾದ್ದು ಒಂದಿದೆ. ಕೈನೇಸ್ ನಿಲ್ಲಿಸೋದೂ ರಿಸೆಪ್ಟರ್ ಇಲ್ಲದಂಗೆ ಮಾಡೋದೂ ಒಂದಲ್ಲ. ಪ್ರೋಟೀನೇ ಇಲ್ಲ ಅಂದ್ರೆ ಅದು ಹಿಡ್ಕೊಂಡಿದ್ದ ನೆಂಟರು, ನ್ಯೂರೋಪಿಲಿನ್, ವಿಇ-ಕ್ಯಾಡ್‌ಹೆರಿನ್, ಎಲ್ಲರ ಲೆಕ್ಕವೂ ತಪ್ಪತ್ತೆ. ಎಫ್‌ಎಲ್‌ಟಿ-1 ಇದಕ್ಕೆ ಚಂದದ ಉದಾಹರಣೆ, ಪೂರ್ತಿ ತೆಗೆದ್ರೆ ಇಲಿ ಸಾಯತ್ತೆ, ಕೈನೇಸ್ ಭಾಗ ಮಾತ್ರ ಕತ್ತರಿಸಿದ್ರೆ ಬದುಕತ್ತೆ ಅಂತ 1998ರಲ್ಲೇ ತೋರಿಸಿದಾರೆ, ಯಾಕಂದ್ರೆ ಅದರ ಕೆಲಸ ವೆಜೆಫ್ ಹಿಡಿದಿಟ್ಕೊಳ್ಳೋದು. ಆರ್-2ರಲ್ಲಿ ಹಾಗಲ್ಲ, 1175ಕ್ಕೆ ಸಮನಾದ ಇಲಿಯ 1173 ಟೈರೋಸಿನ್ ಒಂದನ್ನ ಬದಲಾಯಿಸಿದ್ರೂ ಭ್ರೂಣ ಪೂರ್ತಿ ನಾಕೌಟ್ ಥರಾನೇ ಸಾಯತ್ತೆ. ಒಂದೇ ಒಂದು ಅಮೈನೋ ಆಸಿಡ್ ಸ್ವಾಮಿ, 1300 ಚಿಲ್ಲರೆಯಲ್ಲಿ.

ಹಾಗಾದ್ರೆ ಯಾವ್ದು ತಗೊಳ್ಳೋದು

ಮನುಷ್ಯರ ಹೊಕ್ಕುಳಬಳ್ಳಿ ಸೆಲ್, ಅದೇ ಹುವೆಕ್‌ನಲ್ಲಿ ಮೊದಲ ಸಲ ಮಾಡ್ತಿದ್ರೆ ಆಕ್ಸಿಟಿನಿಬ್ ಕಡಿಮೆ ಡೋಸಲ್ಲಿ ಶುರು ಮಾಡಿ, ಅದೇ ಫಲಿತಾಂಶ ರಾಮುಸಿರುಮ್ಯಾಬ್‌ನಲ್ಲೂ ಬರತ್ತಾ ನೋಡಿ. ಎರಡರಲ್ಲೂ ಬಂದ್ರೆ ಆರ್-2 ಅಂತ ಧೈರ್ಯವಾಗಿ ಬರೀಬಹುದು. ಆಕ್ಸಿಟಿನಿಬ್‌ನಲ್ಲಿ ಬಂದು ಆಂಟಿಬಾಡಿಯಲ್ಲಿ ಬರದಿದ್ರೆ, ಒಂದೋ ಬೇರೆ ರಿಸೆಪ್ಟರ್, ಇಲ್ಲಾ ಬೇರೆ ಕೈನೇಸ್, ಇಲ್ಲಾ ಲೈಗ್ಯಾಂಡ್ ಇಲ್ಲದೇ ಆಗ್ತಿರೋ ಸಿಗ್ನಲ್, ಇದರಲ್ಲಿ ಯಾವ್ದು ಅಂತ ಹುಡುಕೋದೇ ಕೆಲವು ಸಲ ಮೂಲ ಪ್ರಶ್ನೆಗಿಂತ ಒಳ್ಳೇ ಪ್ರಾಜೆಕ್ಟ್ ಆಗತ್ತೆ. ಉಲ್ಟಾ ದಿಕ್ಕಲ್ಲೂ ಒಂದು ಉಪಾಯ ಇದೆ, ವೆಜೆಫ್-ಇ ಅಂತ ಓರ್ಫ್ ವೈರಸ್‌ನಿಂದ ಸಿಗೋ ಲೈಗ್ಯಾಂಡ್ ಆರ್-2 ಒಂದನ್ನೇ ಆನ್ ಮಾಡತ್ತೆ, ಪಿಎಲ್‌ಜಿಎಫ್ ಆರ್-1 ಒಂದನ್ನೇ. ಬ್ಲಾಕ್ ಮಾಡೋ ಗೊಂದಲವೇ ಬೇಡ ಅಂದ್ರೆ ಇವೆರಡನ್ನ ಪಕ್ಕಪಕ್ಕ ಇಟ್ಟು ಹೋಲಿಸಿ, ತುಂಬಾ ಜನ ಇದನ್ನ ಮರೀತಾರೆ.

ಇಲಿ ಗಡ್ಡೆ ಅಂದ್ರೆ ಡಿಸಿ101. ಸುತ್ತಲಿನ ವೆಜೆಫ್ ಎಲ್ಲ ಹೋಗ್ಬೇಕು ಅಂದ್ರೆ ಅಫ್ಲಿಬರ್ಸೆಪ್ಟ್ ಅಥವಾ ಬಿ20. ಮೀನಿಗೆ ಕೈನೇಸ್ ಇನ್ಹಿಬಿಟರ್, ನೀರಿಗೇ ಹಾಕಬಹುದು, ಅದಕ್ಕಿಂತ ಸುಲಭ ಇನ್ಯಾವುದೂ ಇಲ್ಲ. ಹರಿವಿನ ಪ್ರಯೋಗಕ್ಕೆ ಕೈನೇಸ್ ಇನ್ಹಿಬಿಟರ್ ಮತ್ತೆ ಎಸ್‌ಐಆರ್‌ಎನ್‌ಎ ಎರಡೂ.

ಎಷ್ಟು ದಿನ ಕೊಡ್ತೀರಿ, ಯಾವಾಗ ನಿಲ್ಲಿಸ್ತೀರಿ ಅನ್ನೋದನ್ನೂ ಬರೆದಿಟ್ಕೊಳ್ಳಿ. ಗಡ್ಡೆಯ ನಾಳ ಒಣಗಿದ್ರೂ ಅದರ ಸುತ್ತ ಇದ್ದ ಬೇಸ್‌ಮೆಂಟ್ ಮೆಂಬ್ರೇನ್ ಖಾಲಿ ತೋಳಿನ ಥರ ಉಳಿದಿರತ್ತೆ, ಔಷಧ ನಿಲ್ಲಿಸಿದ್ರೆ ಅದೇ ತೋಳಿನೊಳಗೆ ಒಂದೇ ವಾರದಲ್ಲಿ ನಾಳ ಮತ್ತೆ ಬೆಳೆದಿದ್ದನ್ನ 2006ರಲ್ಲಿ ಇಲಿಯಲ್ಲಿ ತೋರಿಸಿದಾರೆ. ಶುಕ್ರವಾರ ಕೊನೇ ಡೋಸ್ ಕೊಟ್ಟು ಮುಂದಿನ ಗುರುವಾರ ಅಂಗಾಂಶ ತೆಗೆದು "ನಾಳ ಕಮ್ಮಿ ಆಗಿಲ್ವಲ್ಲ" ಅಂದ್ರೆ ಹೇಗೆ? ಇನ್ನು ಡೋಸ್ ಜಾಸ್ತಿ ಆದಷ್ಟೂ ಒಳ್ಳೇದು ಅಂತಾನೂ ಇಲ್ಲ, ಗಡ್ಡೆಯ ನಾಳಗಳ ಸಂಶೋಧಕ ರಾಕೇಶ್ ಜೈನ್ ಅವರು 2001ರಿಂದ ಹೇಳ್ತಾ ಬಂದಿರೋದು ಅದೇ, ಹದವಾಗಿ ಕೊಟ್ರೆ ಗಡ್ಡೆಯ ಸೊಟ್ಟಪಟ್ಟ ನಾಳಗಳು ಸ್ವಲ್ಪ ಕಾಲ ನೆಟ್ಟಗಾಗ್ತವೆ, ಆಗ ಕೀಮೋ ಒಳಗೆ ಚೆನ್ನಾಗಿ ಇಳಿಯತ್ತೆ.

ಆಸ್ಪತ್ರೆಯಲ್ಲಿ ಡಾಕ್ಟರು ಆರಿಸುವಾಗ ಲೆಕ್ಕ ಬೇರೆ, ಯಾವ ಕ್ಯಾನ್ಸರ್‌ಗೆ ಯಾವುದ್ರ ಟ್ರಯಲ್ ಗೆದ್ದಿದೆ ಅನ್ನೋದೇ ಮೊದಲು. ಬೆವಾಸಿಜುಮ್ಯಾಬ್‌ನ ಅರ್ಧಾಯುಷ್ಯ ಸುಮಾರು 20 ದಿನ, ಹಾಗಾಗಿ ಆಪರೇಷನ್ ಆದ್ಮೇಲೆ ಕಡೇ ಪಕ್ಷ 28 ದಿನ ಕೊಡಲ್ಲ, ಗಾಯ ಕೂಡಬೇಕಲ್ಲ. ಕೈನೇಸ್ ಇನ್ಹಿಬಿಟರ್ ಮಾತ್ರೆಗೆ ಆ ಉದ್ದ ಬಾಲ ಇಲ್ಲ, ಅಡ್ಡಪರಿಣಾಮ ಜಾಸ್ತಿ ಆದ್ರೆ ಇವತ್ತು ನಿಲ್ಲಿಸಿದ್ರೆ ಆಂಟಿಬಾಡಿಗಿಂತ ಬೇಗ ದೇಹದಿಂದ ಹೋಗತ್ತೆ, ಆದ್ರೆ ಕೈಕಾಲು ಚರ್ಮ ಸುಲಿಯೋದು, ಥೈರಾಯ್ಡ್ ಇಳಿಯೋದು, ಸುಸ್ತು ಇದೆಲ್ಲ ಹೆಚ್ಚಾಗಿ ಮಾತ್ರೆ ಕಡೆಯವೇ. ಬಿಪಿ ಮಾತ್ರ ಎಲ್ಲದರಲ್ಲೂ ಏರತ್ತೆ, ಆರ್-2 ನಿಂತ್ರೆ ನಾಳ ಸಡಿಲಿಸೋ ನೈಟ್ರಿಕ್ ಆಕ್ಸೈಡ್ ಕಮ್ಮಿ ಆಗೋದ್ರಿಂದ.

ಇಲಿ ಆರ್ಡರ್ ಮಾಡೋ ಮುಂಚೆ ಒಂದು ಬ್ಲಾಟ್ ಹಾಕಿ. ಹುವೆಕ್ ಐದಾರು ಪ್ಯಾಸೇಜ್ (ಹೊಸ ತಟ್ಟೆಗೆ ಬದಲಾಯಿಸಿದ ಸಲ) ದಾಟಿರಬಾರದು. ರಾತ್ರಿ ಗ್ರೋತ್ ಫ್ಯಾಕ್ಟರ್ ಇಲ್ಲದ ಮೀಡಿಯಂನಲ್ಲಿ ಉಪವಾಸ ಕೆಡವಿ, ಪೂರ್ತಿ ಮೀಡಿಯಂನಲ್ಲಿ ವೆಜೆಫ್ ಮೊದ್ಲೇ ಇರತ್ತೆ, ಉಪವಾಸ ಇಲ್ಲಾಂದ್ರೆ ಹಾಕಿದ್ದಕ್ಕೂ ಹಾಕದ್ದಕ್ಕೂ ವ್ಯತ್ಯಾಸ ಕಾಣಲ್ಲ. ಬ್ಲಾಕರ್ ಅರ್ಧ ಗಂಟೆ ಮೊದ್ಲು, ಡಿಎಂಎಸ್‌ಒ (ಔಷಧ ಕರಗಿಸೋ ದ್ರಾವಕ) ಮಾತ್ರ ಹಾಕಿದ ಕಂಟ್ರೋಲ್ ಪಕ್ಕದಲ್ಲೇ, ಆಮೇಲೆ ವೆಜೆಫ್-ಎ165 ಮಿಲಿಗೆ 50 ನ್ಯಾನೋಗ್ರಾಂ, ಐದೇ ನಿಮಿಷ. ಐದು ಅಂದ್ರೆ ಐದು, ಅಲ್ಲಿ ಫೋನ್ ಬಂತು ಅಂತ ಅರ್ಧ ಗಂಟೆ ಬಿಟ್ರೆ ರಿಸೆಪ್ಟರ್ ಒಳಗೆ ಹೋಗಿ 1175 ಸಿಗ್ನಲ್ ಇಳಿದಿರತ್ತೆ, ನೀವು ಔಷಧ ಕೆಲಸ ಮಾಡ್ತು ಅಂತ ಖುಷಿ ಪಡ್ತೀರಿ. ಟೈಮ್ ಆದ ತಕ್ಷಣ ತಟ್ಟೆ ಐಸ್ ಮೇಲೆ, ಲೈಸಿಸ್ ಬಫರ್‌ನಲ್ಲಿ ಫಾಸ್ಫೇಟ್ ಕಳಚದಂತೆ ತಡೆಯೋ ವನಡೇಟ್ ಇರ್ಲೇಬೇಕು. ಬ್ಲಾಟ್‌ನಲ್ಲಿ ಎರಡು ಬ್ಯಾಂಡ್ ಕಂಡ್ರೆ ಗಾಬರಿ ಬೇಡ, ಸಕ್ಕರೆ ಪೂರ್ತಿ ಅಂಟಿರೋ ಪಕ್ವ ರಿಸೆಪ್ಟರ್ 230 ಕಿಲೋಡಾಲ್ಟನ್ ಹತ್ರ, ಅರೆಬೆಂದಿದ್ದು 200 ಹತ್ರ. ಫಾಸ್ಫೇಟ್ ಹೊಳೆಯೋದು ಮೇಲಿನದ್ರಲ್ಲಿ, ಸೆಲ್ ಮೇಲ್ಮೈಗೆ ಬಂದು ವೆಜೆಫ್ ಮುಖ ನೋಡೋದು ಅದೇ ಆಗಿರೋದ್ರಿಂದ. ಬ್ಲಾಕರ್ ಹಾಕಿದ ಲೇನಲ್ಲಿ ಆ ಮೇಲಿನ ಬ್ಯಾಂಡ್ 1175ರಲ್ಲಿ ಮಾಯವಾಗಿ, ಟೋಟಲ್ ಆರ್-2 ಬ್ಲಾಟ್‌ನಲ್ಲಿ ಹಾಗೇ ಉಳಿದಿದ್ರೆ ಡೋಸ್ ಸರಿ ಇದೆ, ಇಲಿ ಆರ್ಡರ್ ಮಾಡಿ.